ಅರ್ಧ ಬೆಲೆಯ 1911 ಪಿಸ್ತೂಲು ಗುರಿ ಅಭ್ಯಾಸಕ್ಕೆ ಸರಿಹೋಗುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ವಿರಾಜಪೇಟೆ ಹತ್ತಿರ. ಈಗ ಟೆಕ್ಸಾಸ್‌ನಲ್ಲಿ ಕೆಲಸ, ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಊರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದಿದ್ದೇನೆ. ಪಿಸ್ತೂಲು ಹಿಡಿದದ್ದು ಮಾತ್ರ ಇಲ್ಲಿನ ರೇಂಜ್‌ನಲ್ಲೇ ಮೊದಲು. ಹಳೇ ಕಾಲದ 1911 ಮಾದರಿಯ .45 (ಸುಮಾರು 0.45 ಇಂಚು ಅಗಲದ ಗುಂಡಿನ) ಪಿಸ್ತೂಲು ನನಗೆ ತುಂಬಾ ಇಷ್ಟ. ಕೋಲ್ಟ್ ಕಂಪನಿಯದ್ದು ಸಾವಿರ ಡಾಲರ್ ಹತ್ತಿರ ಆಗುತ್ತೆ. ಫಿಲಿಪೈನ್ಸ್‌ನ ರಾಕ್ ಐಲ್ಯಾಂಡ್, ಟರ್ಕಿಯ ಟಿಸಾಸ್ ಅದರ ಅರ್ಧ ಬೆಲೆಗೆ ಸಿಗುತ್ತಿವೆ. ಕಾಗದದ ಟಾರ್ಗೆಟ್‌ಗೆ ಹೊಡೆಯೋದಷ್ಟೇ ನನ್ನ ಉದ್ದೇಶ. ಮುಂದೆ, ನಿಂತು ಒಂದೇ ಕೈಯಲ್ಲಿ ಹೊಡೆಯುವ ಬುಲ್ಸ್‌ಐ ಪಂದ್ಯಕ್ಕೆ ಇಳಿಯುವ ಆಸೆಯೂ ಇದೆ. ಈ ಅಗ್ಗದವು ಗುರಿಗೆ ಸರಿಹೋಗುತ್ತವಾ? ಕೊಳ್ಳುವ ಮುಂಚೆ ಏನೇನು ನೋಡಬೇಕು? ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಉತ್ತರ: ಸರಿಹೋಗುತ್ತವೆ. ಈಗಷ್ಟೇ ಕಲಿಯುತ್ತಿರುವವರನ್ನು ಹಿಂದೆ ಎಳೆಯೋದು ಅಗ್ಗದ 1911ರ ಬ್ಯಾರೆಲ್ ಅಲ್ಲ. ಅದರ ಟ್ರಿಗರ್, ಗುರಿ ಹಿಡಿಯೋಕೆ ಅದರ ಮೇಲಿರುವ ಸೈಟು, ಮತ್ತು ತಿಂಗಳಿಗೆ ಎಷ್ಟು ಗುಂಡು ಕೊಳ್ಳೋಕೆ ಆಗುತ್ತೆ ಅನ್ನೋದು. ಅಂಗಡಿಯಲ್ಲಿ ಜನ ಹೆಸರು, ಹೊಳಪು, ಮರದ ಹಿಡಿ ನೋಡಿ ಆರಿಸುತ್ತಾರೆ. ನೀವು ಟ್ರಿಗರ್, ಸೈಟು, ಗುಂಡಿನ ಖರ್ಚು ನೋಡಿ ಆರಿಸಿ.

ಮೊದಲು, ಬೆಲೆ ಯಾಕೆ ಅರ್ಧ ಅಂತ ಹೇಳಿಬಿಡುತ್ತೇನೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. 1920ರ ದಶಕದಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿ 1911ಎ1 ಅಂತ ಕರೆದರು. 1985ರಲ್ಲಿ ಬೆರೆಟ್ಟಾ ಬರೋವರೆಗೂ ಸೇನೆಯ ಮುಖ್ಯ ಪಿಸ್ತೂಲು ಇದೇ. ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು, ಹಾಗಾಗಿ ಇವತ್ತು ಯಾರು ಬೇಕಾದರೂ ತಯಾರಿಸಬಹುದು. ರಾಕ್ ಐಲ್ಯಾಂಡ್ ಆರ್ಮರಿ ಅನ್ನೋದು ಮನಿಲಾ ಪಕ್ಕದ ಮರಿಕಿನಾದಲ್ಲಿರುವ ಆರ್ಮ್‌ಸ್ಕೋರ್ ಕಂಪನಿಯ ಬ್ರ್ಯಾಂಡ್. ಇಲಿನಾಯ್‌ನಲ್ಲಿರುವ ಸರ್ಕಾರಿ ರಾಕ್ ಐಲ್ಯಾಂಡ್ ಆರ್ಸೆನಲ್‌ಗೂ ಇದಕ್ಕೂ ಸಂಬಂಧ ಇಲ್ಲ, ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಟಿಸಾಸ್ ಕಪ್ಪು ಸಮುದ್ರದ ದಡದ ಟ್ರಾಬ್ಜಾನ್ ಊರಿನದು. ರಾಕ್ ಐಲ್ಯಾಂಡ್ ತನ್ನ ಫ್ರೇಮ್ ಅನ್ನು, ಅಂದರೆ ಹಿಡಿ ಇರುವ ಕೆಳಭಾಗವನ್ನು, ಎರಕ ಹೊಯ್ದು ಮಾಡುತ್ತದೆ. ಟಿಸಾಸ್ ಫ್ರೇಮನ್ನೂ, ಅದರ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡನ್ನೂ ಫೋರ್ಜ್ ಮಾಡುತ್ತದೆ, ಅಂದರೆ ಉಕ್ಕನ್ನು ಬಡಿದು ಒತ್ತಿ ರೂಪ ಕೊಡುತ್ತದೆ. ಎರಕ ಅಂದರೆ ಕಳಪೆ ಅಂತ ತಿಳಿಯಬೇಡಿ. .45 ಗುಂಡಿನ ಒತ್ತಡ ಕಡಿಮೆಯೇ, ಚೆನ್ನಾಗಿ ಎರಕ ಹೊಯ್ದ ಫ್ರೇಮ್ ಸಾವಿರಾರು ಗುಂಡು ತಾಳುತ್ತದೆ. ಬೆಲೆ ಇಳಿದಿರೋದು ಕಬ್ಬಿಣದಲ್ಲಿ ಅಲ್ಲ, ಕೈಕೆಲಸದಲ್ಲಿ. ಅಲ್ಲಿ ಕೂಲಿ ಕಡಿಮೆ. ಹೊಳಪು ಕೊಡೋ ಕೆಲಸ ಕಡಿಮೆ. ಬಿಡಿಭಾಗಗಳನ್ನು ಒಂದಕ್ಕೊಂದು ಕೂರಿಸಿ, ತಿಕ್ಕಿ, ಮತ್ತೆ ಕೂರಿಸುವ ತಾಳ್ಮೆಗೆ ಅಲ್ಲಿ ಯಾರೂ ದುಡ್ಡು ಕೊಟ್ಟಿಲ್ಲ. ಆ ಕೊರತೆ ಎಲ್ಲೆಲ್ಲಿ ಕಾಣುತ್ತೆ ಅನ್ನೋದನ್ನೇ ನಾವು ಹುಡುಕಬೇಕಾಗಿರೋದು.

ಈಗ ನಿಖರತೆಯ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ದುಡ್ಡು ಉಳಿಯೋದು ಇಲ್ಲೇ. ಈ ಬೆಲೆಯ 1911 ಅನ್ನು ಮರಳುಚೀಲದ ಮೇಲೆ ಇಟ್ಟು 25 ಗಜದಿಂದ ಐದು ಗುಂಡು ಹೊಡೆದರೆ, ಸುಮಾರು ಮೂರರಿಂದ ನಾಲ್ಕು ಇಂಚಿನ ಗುಂಪು, ಅಂದರೆ ಐದು ತೂತುಗಳು ಹರಡಿಕೊಂಡ ಅಗಲ, ನಿರೀಕ್ಷಿಸಬಹುದು. ಮೂರೂವರೆ ಅಂತ ಇಟ್ಟುಕೊಳ್ಳೋಣ. ಪಂದ್ಯಕ್ಕಾಗಿಯೇ ಕೈಯಲ್ಲಿ ಕೂರಿಸಿದ ದುಬಾರಿ ಪಿಸ್ತೂಲು ಒಂದೂವರೆ ಇಂಚಿನೊಳಗೆ ಹೊಡೆಯುತ್ತದೆ. ನಿಂತು, ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಹೊಸಬರ ಕೈಯ ಅಲುಗಾಟ 25 ಗಜಕ್ಕೆ ಎಂಟು ಇಂಚು ಇದ್ದರೆ ಅದು ಒಳ್ಳೆಯ ಆರಂಭವೇ. ಕೈಯ ತಪ್ಪು, ಪಿಸ್ತೂಲಿನ ತಪ್ಪು ಎರಡೂ ನೇರವಾಗಿ ಕೂಡೋದಿಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಅಗ್ಗದ ಪಿಸ್ತೂಲಿನಲ್ಲಿ ಒಟ್ಟು ಸುಮಾರು 8.7 ಇಂಚು ಬರುತ್ತದೆ. ದುಬಾರಿಯದ್ದರಲ್ಲಿ 8.1. ಸಾವಿರಾರು ಡಾಲರ್ ಜಾಸ್ತಿ ಕೊಟ್ಟರೂ ಸಿಗೋದು ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅದೇ ಅಗ್ಗದ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿ ಕೈಯನ್ನು ಎಂಟರಿಂದ ಆರು ಇಂಚಿಗೆ ತಂದರೆ? ಒಟ್ಟು ಏಳು ಇಂಚಿನೊಳಗೆ ಬಂತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮುಂದೊಂದು ದಿನ ನಿಮ್ಮ ಕೈ ಮೂರು ಇಂಚಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಆಗ ಅಗ್ಗದ್ದರಲ್ಲಿ 4.6 ಇಂಚು, ದುಬಾರಿಯದ್ದರಲ್ಲಿ 3.35 ಇಂಚು. 25 ಗಜದ ಬುಲ್ಸ್‌ಐ ಟಾರ್ಗೆಟ್‌ನಲ್ಲಿ ಹತ್ತರ ಉಂಗುರ 3.36 ಇಂಚು ಅಗಲ. ಒಂಬತ್ತರದ್ದು 5.54. ಅಂದರೆ ಆ ಮಟ್ಟದಲ್ಲಿ ಪಿಸ್ತೂಲೇ ನಿಮ್ಮ ಅಂಕ ತಿನ್ನುತ್ತದೆ. 50 ಗಜದ ನಿಧಾನ ಸುತ್ತಿನಲ್ಲಿ ಇದು ಇನ್ನೂ ಜೋರಾಗಿ ಕಾಣುತ್ತದೆ. ಮೂರೂವರೆ ಇಂಚು ಅಲ್ಲಿ ಏಳಾಗುತ್ತದೆ, ಉಂಗುರಗಳ ಅಳತೆ ಮಾತ್ರ ಬದಲಾಗೋದಿಲ್ಲ. ಆ ದಿನ ಬಂದಾಗ ಒಳ್ಳೆ ಬ್ಯಾರೆಲ್ಲು, ಮೂತಿಯಲ್ಲಿ ಅದನ್ನು ಹಿಡಿದಿಡುವ ಬುಶಿಂಗ್ ಹಾಕಿಸಿಕೊಳ್ಳಿ ಅಥವಾ ಬೇರೆ ಪಿಸ್ತೂಲು ತೆಗೆದುಕೊಳ್ಳಿ. ಇವತ್ತೇ ಅದಕ್ಕೆ ದುಡ್ಡು ಸುರಿಯಬೇಡಿ.

ಕೈಯ ಅಲುಗಾಟವನ್ನು ಹೆಚ್ಚಿಸುವ ಪಿಸ್ತೂಲು ಮಾತ್ರ ಬೇಡ. ಟ್ರಿಗರ್ ಮುಖ್ಯ ಆಗೋದು ಅದಕ್ಕೇ. 1911ರ ದೊಡ್ಡ ಗುಣ ಅದರ ಟ್ರಿಗರ್. ಅದು ಕೀಲಿನ ಮೇಲೆ ತಿರುಗೋದಿಲ್ಲ, ನೇರ ಹಿಂದಕ್ಕೆ ಜಾರುತ್ತದೆ. ಗುಂಡು ಹಾರಿಸೋಕೆ ಹೊಡೆತ ಕೊಡುವ ಹ್ಯಾಮರ್ ಮೊದಲೇ ಎತ್ತಿರುತ್ತದೆ, ಬೆರಳಿನ ಕೆಲಸ ಅದನ್ನು ಬಿಡಿಸೋದು ಮಾತ್ರ. ಟಿಸಾಸ್, ರಾಕ್ ಐಲ್ಯಾಂಡ್ ಎರಡರಲ್ಲೂ ಕೋಲ್ಟ್ 1983ರಿಂದ ಸೇರಿಸಿದ ಫೈರಿಂಗ್ ಪಿನ್ ತಡೆ (ಟ್ರಿಗರ್ ಒತ್ತದೇ ಗುಂಡಿಗೆ ಹೊಡೆಯುವ ಪಿನ್ ಮುಂದಕ್ಕೆ ಹೋಗದ ಹಾಗೆ ಹಿಡಿಯುವ ಭಾಗ) ಇಲ್ಲ. ಹಳೆಯ ಸರಳ ಜೋಡಣೆಯೇ ಇದೆ. ಟ್ರಿಗರ್ ನಯ ಮಾಡಿಸೋಕೆ ಇದು ಅನುಕೂಲ.

ಅಂಗಡಿಯವರ ಅನುಮತಿ ಕೇಳಿ. ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆ ಎಳೆದು, ಬ್ಯಾರೆಲ್ ಹಿಂಭಾಗದಲ್ಲಿ ಗುಂಡು ಕೂರುವ ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ. ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಅನ್ನು ತುಂಬಾ ನಿಧಾನವಾಗಿ ಒತ್ತಿ. ಮೊದಲು ಸ್ವಲ್ಪ ಸಡಿಲ ಬರುತ್ತದೆ. ಆಮೇಲೆ ಒಂದು ಗೋಡೆ ಸಿಕ್ಕ ಹಾಗೆ ಬೆರಳು ನಿಲ್ಲುತ್ತದೆ. ಅಲ್ಲಿಂದ ಒತ್ತಡ ಏರಿಸುತ್ತಾ ಹೋದರೆ ಟಕ್ ಅಂತ ಒಂದೇ ಸಲಕ್ಕೆ ಬಿಡಬೇಕು. ಗೋಡೆ ದಾಟಿದ ಮೇಲೂ ಟ್ರಿಗರ್ ತಡೆದು ತಡೆದು, ಮರಳಿನ ಮೇಲೆ ಎಳೆದ ಹಾಗೆ ಬರುತ್ತಿದ್ದರೆ ಆ ಪಿಸ್ತೂಲು ಬೇಡ, ಅದೇ ಮಾಡೆಲ್‌ನ ಇನ್ನೊಂದನ್ನು ಕೇಳಿ. ಒಂದೇ ಮಾಡೆಲ್‌ನ ಎರಡು ಪಿಸ್ತೂಲುಗಳ ಟ್ರಿಗರ್ ಒಂದೇ ತರ ಇರೋದಿಲ್ಲ, ಅದರಲ್ಲೂ ಈ ಬೆಲೆಯಲ್ಲಿ. ಹಾಗಾಗಿ ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸೋದಕ್ಕಿಂತ ಕೈಯಲ್ಲಿ ಹಿಡಿದು ನೋಡಿ ಕೊಳ್ಳೋದು ಒಳ್ಳೇದು, ಇಪ್ಪತ್ತು ಡಾಲರ್ ಜಾಸ್ತಿ ಆದರೂ ಸರಿ.

ಟ್ರಿಗರ್‌ನ ಭಾರದ ಬಗ್ಗೆ, ಅಂದರೆ ಅದನ್ನು ಎಳೆಯೋಕೆ ಎಷ್ಟು ಬಲ ಬೇಕು ಅನ್ನೋದರ ಬಗ್ಗೆ, ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹೊಸದಾಗಿ ಬಂದ ಇಂಥ ಪಿಸ್ತೂಲಿನ ಟ್ರಿಗರ್ ಸಾಮಾನ್ಯವಾಗಿ ಐದಾರು ಪೌಂಡ್ ಇರುತ್ತದೆ. ಬುಲ್ಸ್‌ಐ ನಿಯಮದಲ್ಲಿ .45ರ ಟ್ರಿಗರ್ ಮೂರೂವರೆ ಪೌಂಡ್‌ಗಿಂತ ಹಗುರ ಇರೋ ಹಾಗೂ ಇಲ್ಲ. ಐದು ಪೌಂಡಿನ ನಯವಾದ ಟ್ರಿಗರ್, ನಾಲ್ಕು ಪೌಂಡಿನ ಒರಟು ಟ್ರಿಗರ್‌ಗಿಂತ ಎಷ್ಟೋ ಮೇಲು. ಆಮೇಲೆ ಬೇಕಾದರೆ ಒಬ್ಬ ಗನ್‌ಸ್ಮಿತ್ ಹತ್ತಿರ ನಯ ಮಾಡಿಸಿ. ವಿಡಿಯೊ ನೋಡಿಕೊಂಡು ಮನೆಯಲ್ಲೇ ಸಿಯರ್ (ಎತ್ತಿದ ಹ್ಯಾಮರ್ ಹಿಡಿದಿಡುವ ಸಣ್ಣ ಭಾಗ) ತಿಕ್ಕೋಕೆ ಮಾತ್ರ ಕೂರಬೇಡಿ. ಅಲ್ಲಿನ ಕೋನ ಕೂದಲೆಳೆಯಷ್ಟು ಹಾಳಾದರೂ ಸ್ಲೈಡ್ ಮುಚ್ಚುವಾಗ ಹ್ಯಾಮರ್ ತಾನಾಗಿ ಬೀಳಬಹುದು. ನೀವು ಟ್ರಿಗರ್ ಮುಟ್ಟದೇ ಗುಂಡು ಹಾರಬಹುದು.

ಸೈಟಿನ ವಿಷಯಕ್ಕೆ ಬರೋಣ. ನಿಮ್ಮ ಮನಸ್ಸು ಸೆಳೆದಿರೋದು ಹಳೇ ಸೇನಾ ನೋಟದ ಮಾದರಿ ಅಂತ ಕಾಣುತ್ತೆ. ಅದು ಚೆಂದವೇ, ಒಪ್ಪುತ್ತೇನೆ. ಆದರೆ ಅದರ ಸೈಟು ತೀರಾ ಚಿಕ್ಕದು. ಮುಂದಿನ ಸೈಟು ತೆಳ್ಳಗಿನ ಒಂದು ದಿಬ್ಬ, ಹಿಂದಿನ ಸೈಟಿನಲ್ಲಿ ಸಣ್ಣದೊಂದು ಕಚ್ಚು. ಬೆಳಕು ಕಡಿಮೆ ಇರುವ ಒಳಾಂಗಣ ರೇಂಜ್‌ನಲ್ಲಿ ಕಪ್ಪು ಟಾರ್ಗೆಟ್ ಮೇಲೆ ಕಪ್ಪು ಸೈಟು ಕಾಣೋದೇ ಇಲ್ಲ. ಇಲ್ಲೊಂದು ಲೆಕ್ಕ ನೋಡಿ. 1911 ಪಿಸ್ತೂಲಿನಲ್ಲಿ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಸುಮಾರು ಆರೂವರೆ ಇಂಚು, ಅಂದರೆ 165 ಮಿಲಿಮೀಟರ್. ಸೈಟುಗಳ ಜೋಡಣೆಯಲ್ಲಿ ಬರೀ ಒಂದು ಮಿಲಿಮೀಟರ್ ತಪ್ಪಿದರೆ 25 ಗಜದ ಟಾರ್ಗೆಟ್‌ನಲ್ಲಿ ಗುಂಡು ಸುಮಾರು 14 ಸೆಂಟಿಮೀಟರ್ ಆಚೆ ಬೀಳುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣದ ಸೈಟಿನಲ್ಲಿ ಒಂದು ಮಿಲಿಮೀಟರ್ ಹಿಡಿಯೋದು ಹೇಗೆ, ಅಲ್ವಾ?

ಕೋವಿಯಲ್ಲಿ ಕಲಿತವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಿಸಬೇಕಾಗುತ್ತದೆ. ಕೋವಿ ಹಿಡಿದಾಗ ಕಣ್ಣು ತೆಂಗಿನಕಾಯಿಯ ಮೇಲೇ ಇರುತ್ತೆ. ಪಿಸ್ತೂಲಿನಲ್ಲಿ ಕಣ್ಣು ಮುಂದಿನ ಸೈಟಿನ ಮೇಲೆ ನೆಡಬೇಕು, ಟಾರ್ಗೆಟ್ ಮಸುಕಾಗಿ ಕಂಡರೆ ಪರವಾಗಿಲ್ಲ. ಟಾರ್ಗೆಟ್ ಮಸುಕಾಯಿತು ಅಂತ ಕಣ್ಣು ಅದರ ಕಡೆ ಓಡಿದ ಕೂಡಲೇ ಸೈಟು ತಪ್ಪುತ್ತದೆ. ಕಲಿಯೋಕೆ ಬಂದವರಲ್ಲಿ ನಾನು ಅತಿ ಹೆಚ್ಚು ನೋಡಿರುವ ತೊಂದರೆ ಇದೇ. ಬೇಟೆ ಹಿನ್ನೆಲೆಯವರಲ್ಲಿ ಇನ್ನೂ ಜಾಸ್ತಿ.

ಆದ್ದರಿಂದ ಅದೇ ಕಂಪನಿಯ ಮೇಲಿನ ಮೆಟ್ಟಿಲಿನ ಮಾಡೆಲ್ ನೋಡಿ. ದೊಡ್ಡ ಚೌಕ ಸೈಟು, ಹಿಂದಿನದು ಸ್ಕ್ರೂನಿಂದ ಮೇಲೆ ಕೆಳಗೆ, ಆಚೆ ಈಚೆ ಸರಿಸೋಕೆ ಬರುವಂಥದ್ದು. ನೂರು ಡಾಲರ್ ಆಸುಪಾಸು ಜಾಸ್ತಿ ಆಗಬಹುದು. ಈಗ ಸೇನಾ ಮಾದರಿ ಕೊಂಡು ಆಮೇಲೆ ಸೈಟು ಬದಲಾಯಿಸುತ್ತೇನೆ ಅಂದುಕೊಂಡರೆ ಕಷ್ಟ. ಮೂಲ ವಿನ್ಯಾಸದಲ್ಲಿ ಮುಂದಿನ ಸೈಟನ್ನು ಸ್ಲೈಡ್‌ನ ಸಣ್ಣ ತೂತಿಗೆ ಕೂರಿಸಿ ಒಳಗಿನಿಂದ ಬಡಿದು ಬಿಗಿ ಮಾಡಿರುತ್ತಾರೆ. ಅದನ್ನು ತೆಗೆದು, ಸ್ಲೈಡ್ ಕೊರೆಸಿ, ಹೊಸದು ಹಾಕಿಸುವಷ್ಟರಲ್ಲಿ ಉಳಿಸಿದ ದುಡ್ಡಿನ ದುಪ್ಪಟ್ಟು ಹೋಗಿರುತ್ತದೆ. ಸರಿಸುವ ಸೈಟು ಬೇಕಾಗೋದಕ್ಕೆ ಇನ್ನೂ ಒಂದು ಕಾರಣ ಇದೆ. 230 ಗ್ರೇನ್ ತೂಕದ ಸಾಮಾನ್ಯ ಗುಂಡು ಬೀಳುವ ಜಾಗಕ್ಕೇ 185 ಗ್ರೇನಿನ ಹಗುರ ಪಂದ್ಯದ ಗುಂಡು ಬೀಳೋದಿಲ್ಲ.

ಸೇನಾ ನೋಟವೇ ಬೇಕು ಅನ್ನುವುದಾದರೆ ಅದಕ್ಕೂ ಒಂದು ಗೌರವದ ದಾರಿ ಇದೆ. ನಾಗರಿಕರ ಗುರಿ ಪಂದ್ಯಗಳನ್ನು ನಡೆಸುವ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಸಂಸ್ಥೆ ಒಹಾಯೊದ ಕ್ಯಾಂಪ್ ಪೆರ್ರಿಯಲ್ಲಿ, ಸೇನೆಯಲ್ಲಿ ಕೊಟ್ಟ ರೂಪದಲ್ಲೇ ಇರುವ 1911ಗಳಿಗೆ ಪ್ರತ್ಯೇಕ ಪಂದ್ಯ ನಡೆಸುತ್ತದೆ. ಅಲ್ಲಿ ಎಲ್ಲರಿಗೂ ಅದೇ ಸಣ್ಣ ಸೈಟು. ಅದರ ಮೇಲೆ ಮನಸ್ಸಿದ್ದರೆ ಮೊದಲು ಆ ವರ್ಷದ ನಿಯಮ ಪುಸ್ತಕ ಓದಿ, ಯಾವ ತಯಾರಿಕೆ ಒಪ್ಪುತ್ತಾರೆ ಅಂತ ನೋಡಿಕೊಂಡು ಕೊಳ್ಳಿ.

ಪಿಸ್ತೂಲು ಅಲ್ಲಾಡಿಸಿ, ಗಲಗಲ ಅನ್ನುತ್ತೆ, ಹಾಗಾಗಿ ಗುರಿ ಸರಿ ಇರಲ್ಲ ಅಂತ ಹೇಳುವವರು ಅಂಗಡಿಯಲ್ಲಿ ಸಿಗುತ್ತಾರೆ. ಇದು ಅರ್ಧ ಸತ್ಯ ಮಾತ್ರ. ಶಬ್ದ ಬರೋದು ಸ್ಲೈಡ್ ಮತ್ತು ಫ್ರೇಮ್ ನಡುವಿನ ಸಡಿಲದಿಂದ. ಎರಡೂ ಸೈಟು ಇರೋದು ಸ್ಲೈಡ್ ಮೇಲೆ. ಹಾಗಾಗಿ ಮುಖ್ಯವಾದ ಪ್ರಶ್ನೆ, ಪ್ರತಿ ಗುಂಡಿನ ನಂತರ ಬ್ಯಾರೆಲ್ ಸ್ಲೈಡ್‌ನೊಳಗೆ ಅದೇ ಜಾಗಕ್ಕೆ ಬಂದು ಕೂರುತ್ತಾ ಅನ್ನೋದು. ಸ್ಲೈಡ್ ಮುಚ್ಚಿದಾಗ, ಗುಂಡಿನ ಖಾಲಿ ಕೋಶ ಹೊರಬೀಳುವ ಕಿಂಡಿಯಲ್ಲಿ ಬ್ಯಾರೆಲ್‌ನ ಹಿಂಭಾಗ ಕಾಣುತ್ತದೆ. ಅದನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಕೆಳಕ್ಕೆ ಒತ್ತಿ. ಸ್ಪ್ರಿಂಗ್ ತರ ಕೆಳಗಿಳಿದು ಮೇಲೆ ಬಂದರೆ ಕೂರಿಕೆ ಸರಿ ಇಲ್ಲ. ಅಲುಗದೇ ಇದ್ದರೆ, ಅಥವಾ ಗೊತ್ತಾಗದಷ್ಟು ಅಲುಗಿದರೆ ಒಳ್ಳೇದು. ಮೂತಿಯ ಬುಶಿಂಗ್‌ನಲ್ಲೂ ಹಾಗೇ, ಬ್ಯಾರೆಲ್ ತುದಿಯನ್ನು ಆಚೆ ಈಚೆ ಒತ್ತಿ ನೋಡಿ. ಈ ಎರಡು ಬಿಗಿಯಾಗಿದ್ದರೆ ಗಲಗಲ ಶಬ್ದದ ಬಗ್ಗೆ ಚಿಂತೆ ಬೇಡ.

ಸುರಕ್ಷತೆಯ ಪರೀಕ್ಷೆಗಳನ್ನು ಅಂಗಡಿಯಲ್ಲೇ ಮುಗಿಸಿ. ಎಲ್ಲವನ್ನೂ ಖಾಲಿ ಪಿಸ್ತೂಲಿನಲ್ಲೇ. ಹ್ಯಾಮರ್ ಎತ್ತಿ, ಹೆಬ್ಬೆರಳಿನ ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಒತ್ತಿ ಬಿಡಿ. ಈಗ ಸೇಫ್ಟಿ ತೆಗೆದಾಗ ಹ್ಯಾಮರ್ ಬೀಳಬಾರದು. ಹ್ಯಾಮರ್ ಅನ್ನು ಕಿವಿ ಹತ್ತಿರ ಹಿಡಿದು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಟಿಕ್ ಅನ್ನೋ ಸಣ್ಣ ಶಬ್ದ ಬಂದರೆ ಸೇಫ್ಟಿ ಇದ್ದಾಗಲೂ ಸಿಯರ್ ಜರುಗಿದೆ ಅಂತ ಅರ್ಥ. ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ಹಿಡಿಯ ಹಿಂಭಾಗದ ಗ್ರಿಪ್ ಸೇಫ್ಟಿ ಒತ್ತದಂತೆ ಹಿಡಿದು ಟ್ರಿಗರ್ ಎಳೆದರೂ ಹ್ಯಾಮರ್ ಬೀಳಬಾರದು. ಸ್ಲೈಡ್ ಅನ್ನು ಕಾಲು ಇಂಚು ಹಿಂದಕ್ಕೆ ಹಿಡಿದುಕೊಂಡು ಟ್ರಿಗರ್ ಎಳೆದರೂ ಬೀಳಬಾರದು. ಕೊನೆಗೆ, ಎತ್ತಿದ ಹ್ಯಾಮರ್ ಅನ್ನು ಹೆಬ್ಬೆರಳಿಂದ ಮುಂದಕ್ಕೆ ಗಟ್ಟಿಯಾಗಿ ತಳ್ಳಿ, ಜಾರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಬೆಲೆ ಎಷ್ಟೇ ಕಡಿಮೆ ಇರಲಿ ಬೇಡ. ಸರಿ ಮಾಡಿಕೊಡುತ್ತೇವೆ ಅಂದರೂ ಬೇಡ.

ಹಿಡಿದು ನೋಡುವಾಗ ಕೈಯನ್ನೂ ಗಮನಿಸಿ. ಹಳೇ ಮಾದರಿಯ ಹ್ಯಾಮರ್ ಕೊಂಬು ಹಿಂದಕ್ಕೆ ಬಂದಾಗ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸವನ್ನು ಚಿವುಟುತ್ತದೆ. ತುಂಬು ಕೈಯವರಿಗೆ ರಕ್ತವೇ ಬರಬಹುದು. ಚಿವುಟುತ್ತೆ ಅಂತ ಹೆದರಿದ ಕೈ ಪ್ರತಿ ಗುಂಡಿಗೂ ಕುಗ್ಗುತ್ತದೆ, ಗುರಿ ಹೋಯಿತು. ಅಗಲವಾದ ಬಾಲದ ಗ್ರಿಪ್ ಸೇಫ್ಟಿ ಇರುವ ಮಾಡೆಲ್‌ಗಳಲ್ಲಿ ಈ ತೊಂದರೆ ಇಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ ಬಿಚ್ಚಿ ತೊಳೆಯೋದು. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ತುಕ್ಕು ಹಿಡಿಯದೇ ಇರೋಕೆ, ಓಡಿಸೋಕಲ್ಲ. ಬಿಚ್ಚುವಾಗ ಮೂತಿಯ ಕೆಳಗಿನ ಸ್ಪ್ರಿಂಗ್ ಮುಚ್ಚಳ ಚಿಮ್ಮುತ್ತದೆ, ಕನ್ನಡಕ ಹಾಕಿಕೊಂಡೇ ಮಾಡಿ. ಸ್ಲೈಡ್ ಓಡುವ ಹಳಿಗಳಿಗೆ, ಬ್ಯಾರೆಲ್‌ನ ಮೇಲ್ಭಾಗಕ್ಕೆ, ಮೂತಿಯ ಹೊರಸುತ್ತಿಗೆ ಒಳ್ಳೆ ಎಣ್ಣೆ ಹಾಕಿ. ಹೊಸ 1911 ಒಣಗಿದ್ದರೆ ಓಡಲ್ಲ.

ಮೊದಲ ಇನ್ನೂರು ಮುನ್ನೂರು ಗುಂಡು 230 ಗ್ರೇನಿನ ದುಂಡು ಮೂತಿಯ ಸಾಮಾನ್ಯ ಗುಂಡೇ ಇರಲಿ. ಈ ಪಿಸ್ತೂಲು ಹುಟ್ಟಿದ್ದು ಆ ಗುಂಡಿಗೆ. ಅಷ್ಟರಲ್ಲಿ ಒಂದೆರಡು ಸಲ ಸಿಕ್ಕಿಕೊಂಡರೆ ಗಾಬರಿ ಬೇಡ. ಪದೇ ಪದೇ ಆದರೆ ಮೊದಲು ಮ್ಯಾಗಜಿನ್ ಬದಲಾಯಿಸಿ ನೋಡಿ. 1911ರ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆ. ಇಟಲಿಯ ಮೆಕ್‌ಗಾರ್ ಅಥವಾ ಅಮೆರಿಕದ ವಿಲ್ಸನ್ ಕಾಂಬ್ಯಾಟ್ ಮ್ಯಾಗಜಿನ್ ಎರಡು ಕೊಂಡು ಇಟ್ಟುಕೊಳ್ಳಿ, ಪ್ರತಿಯೊಂದಕ್ಕೂ ನಂಬರ್ ಬರೆಯಿರಿ. ಯಾವ ನಂಬರಿನಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಗೊತ್ತಾದರೆ ಅರ್ಧ ರೋಗ ಪತ್ತೆ ಆದಂತೆ. ಮ್ಯಾಗಜಿನ್ ಸರಿ ಇದ್ದೂ ಖಾಲಿ ಕೋಶ ಹೊರಗೆ ಬರದೇ ಸಿಕ್ಕಿಕೊಂಡರೆ ಎಕ್ಸ್‌ಟ್ರಾಕ್ಟರ್ ನೋಡಿಸಿ. ಅದು ಸ್ಪ್ರಿಂಗ್ ಉಕ್ಕಿನ ಒಂದು ಉದ್ದ ಕೊಕ್ಕೆ. ಅದರ ಬಿಗಿ ಇಷ್ಟೇ ಇರಬೇಕು ಅಂತ ಕೈಯಲ್ಲಿ ಬಗ್ಗಿಸಿ ಹೊಂದಿಸಬೇಕು. ಕೈಕೆಲಸ ಕಡಿಮೆ ಮಾಡಿದ್ದು ಕಾಣೋದು ಇಂಥ ಕಡೆಯೇ.

ಸೀಸದ ಚಪ್ಪಟೆ ಮೂತಿಯ ಪಂದ್ಯದ ಗುಂಡು ಆಮೇಲೆ. ಅದರ ಹೊಡೆತ ಮೃದು, ಕಾಗದದಲ್ಲಿ ತೂತು ಚೊಕ್ಕ. ಆದರೆ ಸ್ಲೈಡ್ ಅನ್ನು ಮುಂದಕ್ಕೆ ತಳ್ಳುವ ಕಾರ್ಖಾನೆಯ 16 ಪೌಂಡಿನ ಸ್ಪ್ರಿಂಗ್ ಅದಕ್ಕೆ ಬಿಗಿ ಆಗಬಹುದು, 12 ಅಥವಾ 14 ಪೌಂಡಿನದು ಬೇಕಾಗುತ್ತದೆ. ಸ್ಪ್ರಿಂಗ್ ಬೆಲೆ ಹತ್ತು ಡಾಲರ್ ಸುತ್ತಮುತ್ತ. ಭಾರದ ಗುಂಡು ಹೊಡೆಯುವ ದಿನ ಹಳೆಯದನ್ನೇ ವಾಪಸ್ ಹಾಕೋದು ಮರೆಯಬೇಡಿ.

ಗುಂಪು ಅಳೆಯೋಕೆ ಒಂದೇ ಒಂದು ಒಳ್ಳೇ ಗುಂಪು ನೋಡಿ ತೀರ್ಮಾನ ಮಾಡಬೇಡಿ. ಮರಳುಚೀಲದ ಮೇಲಿಂದ 25 ಗಜಕ್ಕೆ ಐದು ಗುಂಡಿನ ಐದು ಗುಂಪು ಹೊಡೆದು, ಎಲ್ಲದರ ಸರಾಸರಿ ತೆಗೆಯಿರಿ. ಅದು ನಾಲ್ಕು ಇಂಚಿನೊಳಗಿದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ.

ಈಗ ಗುಂಡಿನ ಖರ್ಚು. ಇದನ್ನು ಹೊಸಬರು ಯಾರೂ ಮೊದಲು ಲೆಕ್ಕ ಹಾಕೋದಿಲ್ಲ. .45 ಗುಂಡು ಒಂದಕ್ಕೆ ಐವತ್ತು ಸೆಂಟ್ ಅಂತ ಹಿಡಿಯೋಣ, ತೀರಾ ಚಿಕ್ಕದಾದ .22 ಗುಂಡಿಗೆ ಎಂಟು ಸೆಂಟ್. ವಾರಕ್ಕೆ ನೂರು ಗುಂಡು, ವರ್ಷಕ್ಕೆ ಐವತ್ತು ವಾರ. .45ರಲ್ಲಿ 2,500 ಡಾಲರ್, .22ರಲ್ಲಿ 400. ಐನೂರು ಡಾಲರಿನ ಪಿಸ್ತೂಲಿಗೆ ಇಷ್ಟು ಯೋಚಿಸುವ ನೀವು, ವರ್ಷಕ್ಕೆ ಅದರ ಐದರಷ್ಟು ಗುಂಡಿಗೆ ಹೋಗುತ್ತೆ ಅನ್ನೋದನ್ನು ಮುಂಚೆಯೇ ನೋಡಬೇಕು. ದುಡ್ಡಿನ ಮಾತು ಬಿಟ್ಟರೂ, .45ರ ಹೊಡೆತ ಮತ್ತು ಶಬ್ದಕ್ಕೆ ಕಣ್ಣು ಮುಚ್ಚುವ, ಮಣಿಕಟ್ಟು ಬಗ್ಗಿಸುವ ಅಭ್ಯಾಸ ಹೊಸಬರಿಗೆ ಬೇಗ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಬಿಡಿಸೋಕೆ ತಿಂಗಳುಗಟ್ಟಲೆ ಬೇಕು.

ಬುಲ್ಸ್‌ಐ ಪಂದ್ಯದ ಆಸೆ ಇದೆ ಅಂದಿರಿ. ಪೂರ್ತಿ ಪಂದ್ಯ 2,700 ಅಂಕದ್ದು. .22ರಲ್ಲಿ 900, ಸೆಂಟರ್‌ಫೈರ್‌ನಲ್ಲಿ (.22ಕ್ಕಿಂತ ದೊಡ್ಡ ಗುಂಡಿನ ಪಿಸ್ತೂಲು) 900, .45ರಲ್ಲಿ 900. ಸೆಂಟರ್‌ಫೈರ್ ಭಾಗಕ್ಕೂ ಬಹಳ ಮಂದಿ .45 ಅನ್ನೇ ಬಳಸುತ್ತಾರೆ. ಅಂದರೆ .22 ಹೇಗಿದ್ದರೂ ನಿಮಗೆ ಬೇಕೇ ಬೇಕು. ಹಾಗಿದ್ದ ಮೇಲೆ ಅದನ್ನೇ ಮೊದಲು ಕೊಳ್ಳಿ ಅನ್ನೋದು ನನ್ನ ಸಲಹೆ. ರೂಗರ್ ಮಾರ್ಕ್ 4 ಪಿಸ್ತೂಲಿನಲ್ಲಿ 22/45 ಅನ್ನೋ ಬಗೆ ಇದೆ, ಅದರ ಹಿಡಿಯ ಓರೆ 1911ರದ್ದೇ. ಇಲ್ಲಿ ಕಲಿತ ಮಣಿಕಟ್ಟು ನಾಳೆ .45 ಹಿಡಿದಾಗ ಹಾಗೇ ಕೂರುತ್ತದೆ. ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ನಿಖರತೆಯಂತೂ ಅದರ ಬೆಲೆಗೆ ಮೀರಿದ್ದು. ಜರ್ಮನಿಯ ಜಿಎಸ್‌ಜಿ ಕಂಪನಿಯ .22 ಪಿಸ್ತೂಲು ನೋಡೋಕೆ ಥೇಟ್ 1911. ಅಭ್ಯಾಸಕ್ಕೆ ಖುಷಿ ಕೊಡುತ್ತದೆ, ಬೆಲೆಯೂ ಕಡಿಮೆ. ಆದರೆ ಪಂದ್ಯದ ಮಟ್ಟಕ್ಕೆ ನಾನು ರೂಗರ್ ಅನ್ನೇ ಆರಿಸುತ್ತೇನೆ.

ಇಲ್ಲ, 1911 ಬೇಕೇ ಬೇಕು, ಮನಸ್ಸು ಅಲ್ಲೇ ಇದೆ ಅಂದರೆ ಅದೂ ತಪ್ಪಲ್ಲ. ಪ್ರೀತಿಯಿಂದ ಕೊಂಡ ಪಿಸ್ತೂಲನ್ನು ಜನ ಹೆಚ್ಚು ಅಭ್ಯಾಸ ಮಾಡುತ್ತಾರೆ, ಅದನ್ನು ನಾನು ರೇಂಜ್‌ನಲ್ಲಿ ಕಣ್ಣಾರೆ ನೋಡುತ್ತೇನೆ. ಹಾಗಾದರೆ ಟಿಸಾಸ್ ಮತ್ತು ರಾಕ್ ಐಲ್ಯಾಂಡ್ ಎರಡರಲ್ಲಿ ಯಾವುದರ ಟ್ರಿಗರ್ ಆ ದಿನ ಕೈಗೆ ನಯ ಅನ್ನಿಸುತ್ತೋ ಅದು. ಎರಡೂ ಸಮ ಅನ್ನಿಸಿದರೆ ಫೋರ್ಜ್ ಮಾಡಿದ ಫ್ರೇಮಿಗಾಗಿ ನಾನು ಟಿಸಾಸ್ ಕಡೆ ವಾಲುತ್ತೇನೆ. ಸೈಟು ಮಾತ್ರ ದೊಡ್ಡದೇ ಇರಲಿ. ಜೊತೆಗೆ ದಿನಾ ಹತ್ತು ನಿಮಿಷ ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಅಭ್ಯಾಸ ಮಾಡಿ, ಗುಂಡು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು. ಮುಂದಿನ ಸೈಟಿನ ಮೇಲೆ ಒಂದು ಖಾಲಿ ಕೋಶ ನಿಲ್ಲಿಸಿ, ಅದು ಬೀಳದ ಹಾಗೆ ಟ್ರಿಗರ್ ಬಿಡಿಸೋದನ್ನು ಕಲಿಯಿರಿ. ಖರ್ಚಿಲ್ಲದ ಅಭ್ಯಾಸ, ಫಲ ಮಾತ್ರ ದೊಡ್ಡದು.

ಮಗಳ ವಿಷಯ. ಟೆಕ್ಸಾಸ್ ಕಾನೂನಿನಲ್ಲಿ ಅಜಾಗರೂಕತೆಯಿಂದ ಇಟ್ಟ ತುಂಬಿದ ಬಂದೂಕು 17 ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕರೆ ಅದು ಇಟ್ಟವರ ಅಪರಾಧ. ಬೀರು ಮೇಲೆ, ಬಟ್ಟೆ ಕೆಳಗೆ ಇಡೋದನ್ನು ಬಚ್ಚಿಡೋದು ಅನ್ನೋಕೆ ಆಗಲ್ಲ, ಐದು ವರ್ಷದ ಮಕ್ಕಳು ಎಲ್ಲಾ ಕಡೆ ಹತ್ತುತ್ತಾರೆ. ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಲಾಕರ್ ಅನ್ನು ಪಿಸ್ತೂಲಿನ ಜೊತೆಗೇ ತನ್ನಿ, ಅದರ ಮರುದಿನ ಅಲ್ಲ. ಇನ್ನೊಂದು ಸೀಸದ ಪುಡಿ. ಒಳಾಂಗಣ ರೇಂಜ್‌ನಲ್ಲಿ ಅದು ಬಟ್ಟೆ, ಕೂದಲು, ಶೂ ಮೇಲೆ ಕೂರುತ್ತದೆ. ಸಣ್ಣ ಮಕ್ಕಳಿಗೆ ಸೀಸ ತುಂಬಾ ಕೆಟ್ಟದ್ದು. ರೇಂಜ್‌ನಲ್ಲೇ ತಣ್ಣೀರು, ಸೋಪಿನಿಂದ ಕೈ ಮುಖ ತೊಳೆಯಿರಿ. ಶೂ ಬಾಗಿಲಾಚೆ ಬಿಡಿ. ಬಟ್ಟೆ ಬದಲಾಯಿಸಿ ಬೇರೆಯಾಗಿ ಒಗೆಯಿರಿ, ಆಮೇಲೆ ಮಗಳನ್ನು ಎತ್ತಿಕೊಳ್ಳಿ.

ಗ್ರೀನ್ ಕಾರ್ಡ್ ಇರೋದರಿಂದ ಕೊಳ್ಳೋಕೆ ತೊಂದರೆ ಇಲ್ಲ. 21 ವರ್ಷ ತುಂಬಿರಬೇಕು, ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗುತ್ತದೆ. ಆದರೆ ನಿಮ್ಮ ಸುತ್ತ ಎಚ್-1ಬಿ ವೀಸಾದ ಗೆಳೆಯರು ಇದ್ದೇ ಇರುತ್ತಾರೆ. ಫೆಡರಲ್ ಕಾನೂನಿನ ಪ್ರಕಾರ ಅಂಥ ವೀಸಾದವರು ಸಾಮಾನ್ಯವಾಗಿ ಬಂದೂಕನ್ನಾಗಲೀ ಗುಂಡನ್ನಾಗಲೀ ಹೊಂದುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಸುಮ್ನೆ ಒಂದು ಸಲ ಹೊಡೆದು ನೋಡಲಿ ಅಂತ ಅವರ ಕೈಗೆ ಕೊಡುವ ಮೊದಲು ಅವರು ವಕೀಲರನ್ನು ಕೇಳಿಕೊಳ್ಳಲಿ. ಅವರ ಇಡೀ ವಲಸೆಯ ಭವಿಷ್ಯದ ಪ್ರಶ್ನೆ ಅದು. ಅವರ ದುಡ್ಡಿನಲ್ಲಿ ಅವರಿಗಾಗಿ ನಿಮ್ಮ ಹೆಸರಲ್ಲಿ ಕೊಳ್ಳೋದಂತೂ ಗಂಭೀರ ಅಪರಾಧ.

ರೇಂಜಿಗೆ ಒಂದು ಬ್ಯಾಗ್ ಪ್ರತ್ಯೇಕ ಇಡಿ, ಆ ಬ್ಯಾಗನ್ನು ಊರಿಗೆ ಹೋಗುವಾಗ ಮುಟ್ಟಲೇಬೇಡಿ. ಮೂಲೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ, ಆರ್ಮ್ಸ್ ಆ್ಯಕ್ಟ್ ಕೆಳಗೆ ಕೇಸ್ ಆಗುತ್ತದೆ. ರಜೆ ಪೂರ್ತಿ ಠಾಣೆ, ಕೋರ್ಟು ಅಂತ ಓಡಾಡಬೇಕಾಗುತ್ತದೆ.